ನಡು ಮಧ್ಯಾಹ್ನದ ಅಂಕಿ

ಸೆಲ್ಲುಗಳು ಒಂಬತ್ತನೇ ದಿನಕ್ಕೆ ಸಾಯುತ್ತಿದ್ದವು. ಟಾರ್ಚಿಗೆ ಹಾಕುವ ದಪ್ಪ ಸೆಲ್ಲುಗಳು, ಒಂದು ಡಬ್ಬಿಗೆ ಆರು. ಹತ್ತನೇ ದಿನ ಬೆಳಕು ಹರಿಯುವ ಮೊದಲೇ ನಾನು ರಾಯಚೂರಿನ ಬಸ್ ಸ್ಟ್ಯಾಂಡಿನಲ್ಲಿ ಚೀಲ ತಬ್ಬಿಕೊಂಡು ದೇವದುರ್ಗದ ಮೊದಲ ಬಸ್ಸಿಗೆ ನಿಂತಿರಬೇಕು. ದೇವದುರ್ಗದಲ್ಲಿ ಇಳಿದು ಇನ್ನೊಂದು ಬಸ್ಸು, ಅದು ಇಳಿಸಿದ ಮೇಲೆ ಕೃಷ್ಣೆಯ ದಂಡೆಯವರೆಗೆ ನಡಿಗೆ. ಸೆಲ್ಲು ಬದಲಿಸಿ, ಒಂದು ಗುಂಡಿ ಒತ್ತಿ, ಅಂಕಿ ಸರಿ ಬಂತು ಎಂದು ನೋಡಿ, ಹತ್ತೂವರೆಯ ಬಸ್ಸಿಗೆ ಹಿಂದಕ್ಕೆ. ಎರಡು ದಿನ ಬಿಟ್ಟು ಮಾನ್ವಿಯ ಕಾಲುವೆಯ ಡಬ್ಬಿಗೂ ಇದೇ ಸೇವೆ. ಎಂಜಿನಿಯರಿಂಗ್ ಓದಿದ್ದು ಇದಕ್ಕೇನಾ ಎಂದು ಅವ್ವ ಕೇಳುತ್ತಿದ್ದಳು. ನನಗೂ ಅದೇ ಅನುಮಾನವಿತ್ತು.

ಎಂಬತ್ತರ ದಶಕದ ನಡುವಿನ ಮಾತು. ನೀರಾವರಿಗೆ ಸಂಬಂಧಿಸಿದ ಒಂದು ಕಚೇರಿಯ ಹಿತ್ತಲ ಕೋಣೆಯಲ್ಲಿ ನಮ್ಮ ಉಪಕರಣ ವಿಭಾಗ. ಅಲ್ಲಿದ್ದ ಒಬ್ಬಳೇ ಹೆಣ್ಣು ನಾನು, ಇನ್ನೂ ಪ್ರೊಬೇಷನ್ ಮುಗಿದಿರಲಿಲ್ಲ. ನೀರಿನ ಮಟ್ಟವನ್ನು ತಾನೇ ಅಳೆದು ತಾನೇ ನೆನಪಿಟ್ಟುಕೊಳ್ಳುವ ಎರಡು ಡಬ್ಬಿಗಳನ್ನು ನಾವು ಕಟ್ಟಿದ್ದೆವು. ಪೈಪಿನೊಳಗೆ ತೇಲುವ ಒಂದು ಬುರುಡೆ, ಅದಕ್ಕೆ ಕಟ್ಟಿದ ತಂತಿ, ತಂತಿಯ ತುದಿಯಲ್ಲಿ ನಮ್ಮ ಡಬ್ಬಿ, ಡಬ್ಬಿಯೊಳಗೆ ಬೆರಳುದ್ದದ ಒಂದು ಪ್ರೊಸೆಸರ್. ಬೆಳಿಗ್ಗೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು ಗಂಟೆಗೆ ಅದು ಮಟ್ಟ ಓದಿ ಬರೆದುಕೊಳ್ಳಬೇಕು. ದಿನಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಕಣ್ಣು ಮಿಟುಕಿಸುವಷ್ಟು ಕೆಲಸ. ಉಳಿದ ಹೊತ್ತೆಲ್ಲ ಏನು ಮಾಡುತ್ತಿತ್ತು? ಸುಮ್ಮನೆ ಓಡುತ್ತಿತ್ತು. ಸೆಕೆಂಡಿಗೆ ಇಪ್ಪತ್ತು ಲಕ್ಷ ಬಡಿತದ ಲೆಕ್ಕದಲ್ಲಿ, ಹನ್ನೆರಡು ಹೊಡೆಯಿತೇ ಹನ್ನೆರಡು ಹೊಡೆಯಿತೇ ಎಂದು ತನ್ನನ್ನೇ ಕೇಳಿಕೊಂಡು ಸೆಲ್ಲು ತಿನ್ನುತ್ತಿತ್ತು.

ಕಾಯುವ ಕೆಲಸಕ್ಕೆ ಇಷ್ಟು ಓಟ ಯಾಕೆ ಎಂಬಲ್ಲಿಂದ ನನ್ನ ಹುಚ್ಚು ಶುರುವಾಯಿತು. ನಮ್ಮದು ನಿಧಾನಕ್ಕೂ ಒಗ್ಗುವ ಜಾತಿಯ ಪ್ರೊಸೆಸರ್. ಪ್ರತಿ ಬಡಿತಕ್ಕೂ ಅದು ಒಂದು ಗುಟುಕು ಕರೆಂಟು ಕುಡಿಯುತ್ತದೆ. ಬಡಿತ ಕಡಿಮೆ ಮಾಡಿದರೆ ಗುಟುಕುಗಳ ಸಂಖ್ಯೆ ಇಳಿಯುತ್ತದೆ. ಹಾಗಾಗಿ ಡಬ್ಬಿಯೊಳಗೆ ಕೈಗಡಿಯಾರದ ಹರಳೊಂದನ್ನು ಕೂರಿಸಿ, ಕೆಲಸವಿಲ್ಲದಾಗ ಸೆಕೆಂಡಿಗೆ ಮೂವತ್ತೆರಡು ಸಾವಿರ ಚಿಲ್ಲರೆ ಬಡಿತದಲ್ಲಿ ತೂಕಡಿಸುವಂತೆ ಮಾಡಿದೆ. ಸೆಲ್ಲು ಹದಿನೆಂಟು ದಿನ ಬಂದವು. ಸಾಲಲಿಲ್ಲ. ಆಮೇಲೆ ಕೈ ಹಾಕಿದ್ದು ವೋಲ್ಟೇಜಿಗೆ. ಗುಟುಕಿನ ಗಾತ್ರ ವೋಲ್ಟೇಜಿನ ಕೈಯಲ್ಲಿದೆ. ಐದು ವೋಲ್ಟನ್ನು ಎರಡೂವರೆಗೆ ಇಳಿಸಿದರೆ ಗುಟುಕು ಅರ್ಧವಾಗುವುದಿಲ್ಲ, ಕಾಲು ಭಾಗಕ್ಕೆ ಬಂದು ಕೂರುತ್ತದೆ. ಇದನ್ನು ಕಾಗದದ ಮೇಲೆ ಬರೆದು ನೋಡಿದ ದಿನ ನಾನು ಕೋಣೆಯಲ್ಲಿ ಒಬ್ಬಳೇ ನಕ್ಕಿದ್ದು ನೆನಪಿದೆ.

ಆದರೆ ವೋಲ್ಟೇಜು ಇಳಿದರೆ ಪ್ರೊಸೆಸರಿನ ಕೈಕಾಲು ನಿಧಾನವಾಗುತ್ತವೆ. ವೇಗವಾಗಿ ಓಡಿಸಬೇಕಾದರೆ ಅದಕ್ಕೆ ತಕ್ಕ ವೋಲ್ಟೇಜು ಕೊಡಲೇಬೇಕು. ಬಿಸಿಯಾದರೂ ನಿಧಾನವಾಗುತ್ತದೆ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಒಂದು ಸಾಲು ಇತ್ತು. ಓದಿದ್ದೆ, ಪುಟ ಮಗುಚಿದ್ದೆ.

ಪ್ರೋಗ್ರಾಂ ಬರೆಯುವ ಚಿಪ್ಪಿನ ಕಥೆಯೇ ಬೇರೆ. ಅದರ ಬೆನ್ನ ಮೇಲೆ ಒಂದು ಪುಟ್ಟ ಗಾಜಿನ ಕಿಟಕಿ. ಹಳೆಯದನ್ನು ಅಳಿಸಬೇಕಾದರೆ ಆ ಕಿಟಕಿಗೆ ಅತಿನೇರಳೆ ದೀಪ ತೋರಿಸಬೇಕು. ನಮ್ಮ ದೀಪ ಕೆಟ್ಟು ಕೂತಿತ್ತು, ಹೊಸದಕ್ಕೆ ಬರೆದ ಕಾಗದ ಎಲ್ಲಿ ಮಲಗಿತ್ತೋ ಗೊತ್ತಿಲ್ಲ. ರಾಯಚೂರಿನಲ್ಲಿ ಕೂತು ಬೆಳಕಿಗೆ ಅರ್ಜಿ ಹಾಕುವುದು ಎಂಥ ತಮಾಷೆ ಎಂದು ನಾನು ಚಿಪ್ಪುಗಳನ್ನು ಮನೆಯ ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ವಾರ ಬೇಕಾಯಿತು, ಆದರೆ ನುಣ್ಣಗೆ ಅಳಿಸಿಹೋಯಿತು. ಪಕ್ಕದಲ್ಲಿ ಮನೆಯ ಮಾಲಕಿಯ ಸಂಡಿಗೆ ಒಣಗುತ್ತಿದ್ದವು. ನನ್ನ ಚಿಪ್ಪು ತೋರಿಸಿ, ಇದು ಯಾವ ಊರ ಕಡೆಯ ಸಂಡಿಗೆ, ಕರಿದರೆ ಉಬ್ಬುತ್ತದೆಯೇ ಎಂದು ಆಕೆ ಕೇಳಿದ್ದಳು.

ಹೊಸ ಪ್ರೋಗ್ರಾಮಿನಲ್ಲಿ ಹೀಗಿತ್ತು: ಗಂಟೆ ಆದೊಡನೆ ಪ್ರೊಸೆಸರ್ ಎಚ್ಚೆತ್ತು ವೇಗ ಏರಿಸಿಕೊಳ್ಳುತ್ತದೆ, ಅದರ ಬೆನ್ನಿಗೇ ವೋಲ್ಟೇಜು ಏರಿಸಿಕೊಳ್ಳುತ್ತದೆ, ಮಟ್ಟ ಓದಿ ಬರೆದುಕೊಂಡು ಮತ್ತೆ ಮಲಗುತ್ತದೆ. ವೋಲ್ಟೇಜು ಪೂರ್ತಿ ಏರಲು ಒಂದಿಷ್ಟು ಹೊತ್ತು ಹಿಡಿಯುತ್ತದೆ. ಆ ಹೊತ್ತು ಸುಮ್ಮನೆ ಕಾಯುವುದು ದಂಡ, ಅಷ್ಟರಲ್ಲಿ ಕೆಲಸ ಶುರುವಾಗಲಿ ಎಂದು ನಾನು ವೇಗವನ್ನು ಮುಂದಿಟ್ಟಿದ್ದೆ. ಜಿಪುಣತನ ಅನ್ನಿ. ಕೋಣೆಯಲ್ಲಿ ಫ್ಯಾನಿನ ಕೆಳಗೆ ಹದಿನೈದು ದಿನ ಬಕೆಟ್ಟಿನ ನೀರಿನಲ್ಲಿ ಪರೀಕ್ಷೆ ಮಾಡಿದೆವು. ಒಂದು ಅಂಕಿಯೂ ತಪ್ಪಲಿಲ್ಲ. ಲೆಕ್ಕದ ಪ್ರಕಾರ ಸೆಲ್ಲು ನಲವತ್ತೈದು ದಿನ ಬರಬೇಕು. ನಮ್ಮ ಸಾಹೇಬರಿಗೆ ಆಕಾಶ ಮೂರೇ ಗೇಣು. ಎರಡು ಡಬ್ಬಿ ಹತ್ತಾಗಲಿ ಎಂದು ಬೆಂಗಳೂರಿಗೆ ಬರೆದರು, ಬರೆದದ್ದರಲ್ಲಿ ನನ್ನ ಹೆಸರೂ ಇತ್ತು.

ಬೇಸಿಗೆ ಏರುವ ಹೊತ್ತಿಗೆ ಡಬ್ಬಿಗಳನ್ನು ಮತ್ತೆ ಕೂರಿಸಿದೆವು. ಮಾನ್ವಿಯಲ್ಲಿ ಕಾಲುವೆಯ ಮಗ್ಗುಲಿಗೆ ಹಳೆಯ ಕಲ್ಲಿನ ಕೋಣೆ ಇತ್ತು, ಮೇಲೆ ದೊಡ್ಡ ಬೇವಿನ ಮರ. ಡಬ್ಬಿ ಅದರೊಳಗೆ ತಂಪಾಗಿ ಕುಳಿತಿತು. ಹೊಳೆಯ ದಂಡೆಯಲ್ಲಿ ಅಂಥದ್ದೇನೂ ಇಲ್ಲ. ಬಂಡೆಯ ಮೇಲೆ ಕಬ್ಬಿಣದ ಕಾಲು, ಕಾಲಿನ ಮೇಲೆ ತಗಡಿನ ಗೂಡು, ಗೂಡಿನೊಳಗೆ ಡಬ್ಬಿ. ಪಕ್ಕದಲ್ಲೇ ನೀರಿಗಿಳಿದ ಗೇಜ್ ಕಂಬ, ಮೀಟರು ಸೆಂಟಿಮೀಟರು ಬರೆದ ಬಿಳಿ ಪಟ್ಟಿ.

ಆ ಕಂಬ ಓದುತ್ತಿದ್ದವನನ್ನು ಎಲ್ಲರೂ ಗೇಜ್ ಕಾಕಾ ಎನ್ನುತ್ತಿದ್ದರು. ಐವತ್ತು ದಾಟಿದ ಆಳು, ಹನ್ನೆರಡು ವರ್ಷಗಳಿಂದ ದಿನಗೂಲಿಯ ಮೇಲೆ ಇದ್ದವನು. ಕೀ ಕೊಡುವ ಒಂದು ಗಡಿಯಾರ, ಬಟ್ಟೆಯಲ್ಲಿ ಸುತ್ತಿದ ಒಂದು ನೋಟ್‌ಬುಕ್, ಹೆಗಲ ಮೇಲೆ ಒಂದು ಟವೆಲ್ಲು, ಇಷ್ಟೇ ಅವನ ಕಚೇರಿ. ನಾಲ್ಕನೇ ಇಯತ್ತೆಯವರೆಗೆ ಓದಿದ್ದನಂತೆ, ಅಂಕಿಗಳು ಮಾತ್ರ ಅಚ್ಚು ಹಾಕಿದ ಹಾಗೆ. ದಿನಗೂಲಿಯವರನ್ನು ಕಾಯಂ ಮಾಡುವ ಪಟ್ಟಿ ಆ ವರ್ಷ ತಯಾರಾಗುತ್ತಿತ್ತು, ಅವನ ಹೆಸರು ಅದರಲ್ಲಿತ್ತು. ಹನ್ನೆರಡು ವರ್ಷ ಅವನು ಕಾದದ್ದು ಆ ಒಂದು ಸಾಲಿಗೆ. ಡಬ್ಬಿ ಕೂರಿಸುವಾಗ ಬೋಲ್ಟು ಹಿಡಿದುಕೊಂಡು ನಿಂತವನು, ಇದು ಬಂದ ಮೇಲೆ ತನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಮೆಲ್ಲಗೆ ಕೇಳಿದ. ಇದು ಬರೀ ತಾಳೆ ನೋಡುವುದಕ್ಕೆ, ನೀನು ಓದಿದ್ದು ಸರಿ ಅಂತ ಇದೇ ಸಾಕ್ಷಿ ಹೇಳುತ್ತದೆ ನೋಡು ಕಾಕಾ ಎಂದೆ. ನಂಬಿದ.

ನಲವತ್ತು ದಿನಕ್ಕೆ ಎರಡೂ ಡಬ್ಬಿಗಳ ಅಂಕಿ ತಂದೆ, ಎರಡೂ ಕಡೆ ಗೇಜ್ ಓದುವವರ ನೋಟ್‌ಬುಕ್ಕಿನವನ್ನೂ ನಕಲು ಮಾಡಿಕೊಂಡೆ. ಗುಂಡಿ ಒತ್ತಿದರೆ ಒಂದೊಂದೇ ಅಂಕಿ ಕೆಂಪಗೆ ಬೆಳಗುತ್ತದೆ, ನೋಡಿ ಬರೆದುಕೊಳ್ಳಬೇಕು. ಸೆಲ್ಲುಗಳಲ್ಲಿ ಇನ್ನೂ ಜೀವವಿತ್ತು. ನನಗೆ ಹೊಟ್ಟೆಗೆ ಹಾಲು ಹೊಯ್ದಷ್ಟು ಖುಷಿ. ಕಚೇರಿಗೆ ಬಂದು ಡಬ್ಬಿಯ ಅಂಕಿಗಳನ್ನು ಎಡಕ್ಕೂ ನೋಟ್‌ಬುಕ್ಕಿನವನ್ನು ಬಲಕ್ಕೂ ಬರೆಯುತ್ತ ಕುಳಿತೆ. ಮಾನ್ವಿಯದು ಮೂರು ಹೊತ್ತೂ ತಾಳೆಯಾಯಿತು. ಹೊಳೆಯದು ಬೆಳಿಗ್ಗೆ ಸರಿ, ಸಂಜೆ ಸರಿ, ಮಧ್ಯಾಹ್ನ ಮಾತ್ರ ತಪ್ಪು. ಡಬ್ಬಿಯ ಪ್ರಕಾರ ಮಧ್ಯಾಹ್ನದ ಮಟ್ಟ ಬೆಳಗಿನ ಮಟ್ಟವೇ, ಒಂದು ಬೆರಳೂ ಅತ್ತಿತ್ತ ಇಲ್ಲ. ಕಾಕಾನ ಪ್ರಕಾರ ಒಂದು ಗೇಣು ಏರಿದೆ. ಮರುದಿನವೂ ಹಾಗೇ. ಏಪ್ರಿಲ್ ಪೂರ್ತಿ ಹಾಗೇ.

ನನಗೆ ಸಿಟ್ಟು ನೆತ್ತಿಗೇರಿತು. ಯಂತ್ರದ ಮೇಲಲ್ಲ, ಕಾಕಾನ ಮೇಲೆ. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ, ಆ ಬಂಡೆಯ ಮೇಲೆ, ಯಾವ ಮನುಷ್ಯ ಹೋಗುತ್ತಾನೆ? ನಮ್ಮಲ್ಲಿ ಆ ಹೊತ್ತಿಗೆ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಕಚೇರಿಯಲ್ಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆದು ಕೂರುತ್ತಿದ್ದೆವು, ಹನ್ನೆರಡರಿಂದ ನಾಲ್ಕರವರೆಗೆ ಹೊರಗೆ ಕಾಲಿಡುತ್ತಿರಲಿಲ್ಲ. ಇವನು ಗುಡಿಸಲಲ್ಲಿ ಅಡ್ಡಾಗಿ, ಬೆಳಗಿನ ಅಂಕಿಗೆ ಒಂದು ಗೇಣು ಸೇರಿಸಿ, ಹೋಗಿಬಂದೆ ಎಂಬಂತೆ ಬರೆದಿದ್ದಾನೆ. ಹನ್ನೆರಡು ವರ್ಷ ಹೀಗೇ ಬರೆದಿರಬೇಕು. ಇಷ್ಟೆಲ್ಲ ತೀರ್ಮಾನಿಸಲು ನನಗೆ ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ತಪ್ಪಿದ ಸಾಲುಗಳಿಗೆಲ್ಲ ಕೆಂಪು ಪೆನ್ಸಿಲಿನಲ್ಲಿ ಗೆರೆ ಎಳೆದು ಸಹಿ ಮಾಡಿ ಸಾಹೇಬರ ಮೇಜಿನ ಮೇಲಿಟ್ಟೆ.

ಸಾಹೇಬರು ಕೆಟ್ಟವರಲ್ಲ, ಅವರಿಗೆ ಕೆಂಪು ಗೆರೆ ಸಾಕಿತ್ತು. ಕಾಕಾನನ್ನು ರಾಯಚೂರಿಗೆ ಕರೆಸಿದರು. ಬೇಸಿಗೆಯಲ್ಲಿ ಮೇಲಿನ ಅಣೆಕಟ್ಟಿನಿಂದ ಬೆಳಿಗ್ಗೆ ನೀರು ಬಿಡುತ್ತಾರೆ, ಅದು ಮಧ್ಯಾಹ್ನಕ್ಕೆ ಇಲ್ಲಿ ಮುಟ್ಟಿ ಸಂಜೆಗೆ ಇಳಿದು ಹೋಗುತ್ತದೆ, ಹಾಗಾಗಿ ಏರುತ್ತದೆ ಎಂದು ಅವನು ಹೇಳಿದ. ಕಾಗದದಲ್ಲಿ ಅಂಥ ಯಾವ ಸುದ್ದಿಯೂ ನಮಗೆ ಬಂದಿರಲಿಲ್ಲ.

"ಮಾನ್ವಿಯೊಳಗ ಖರೇ ಹೇಳಿದ ಮಷಿನ್ ದೇವದುರ್ಗದಾಗ ಸುಳ್ಳ ಹೇಳತದೇನು?" ಎಂದರು ಸಾಹೇಬರು.

ಕಾಕಾ ನನ್ನ ಕಡೆ ನೋಡಿದ. ಸಾಕ್ಷಿ ಹೇಳುತ್ತದೆ ಎಂದಿದ್ದೆನಲ್ಲ, ಅದಕ್ಕೇ ಇರಬೇಕು. ನಾನು ಕಿಟಕಿಯ ತಟ್ಟಿ ನೋಡುತ್ತ ಕುಳಿತೆ.

"ನಾ ಹೋಗೀನ್ರೀ," ಎಂದ ಅವನು. ಅಷ್ಟೇ. ನೋಟ್‌ಬುಕ್ಕನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಕೊಂಡು ಎದ್ದ.

ಹತ್ತು ದಿನದಲ್ಲಿ ಲಿಖಿತ ವಿವರಣೆ ಕೊಡಬೇಕು, ಇಲ್ಲದಿದ್ದರೆ ಕೆಲಸದಿಂದಲೂ ಕಾಯಂ ಪಟ್ಟಿಯಿಂದಲೂ ತೆಗೆಯಲಾಗುವುದು ಎಂಬ ಮೆಮೊ ತಯಾರಾಯಿತು. ಸೆಲ್ಲು ಬದಲಿಸಲು ಹೇಗೂ ನಾನು ಹೋಗಬೇಕಿತ್ತು. ಮೆಮೊ ನನ್ನ ಚೀಲಕ್ಕೇ ಬಂತು.

ಅಂದು ದೇವದುರ್ಗದ ಸಂತೆ. ಕಾಕಾ ಬೆಳಗಿನ ಅಂಕಿ ಬರೆದು ಸಂತೆಗೆ ಬಂದಿದ್ದಾನೆ, ಗಿರಣಿಯಲ್ಲಿರಬೇಕು ಎಂದು ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹೇಳಿದರು. ಗಿರಣಿ ಸಂತೆಯ ಹಿಂದಿನ ಓಣಿಯಲ್ಲಿ. ಅದನ್ನು ನಡೆಸುತ್ತಿದ್ದವಳು ಗಂಡ ತೀರಿಕೊಂಡ ಮೇಲೆ ತಾನೇ ಚುಕ್ಕಾಣಿ ಹಿಡಿದ ಒಬ್ಬ ಗಟ್ಟಿಗಿತ್ತಿ, ಊರಿಗೆಲ್ಲ ಖಾಲಾ, ಅಂದರೆ ಚಿಕ್ಕಮ್ಮ. ರೆಪ್ಪೆಯವರೆಗೂ ಹಿಟ್ಟು. ಜೋಳದ ಬಿಸಿ ಹಿಟ್ಟಿನ ಆ ವಾಸನೆ ಈಗಲೂ ಎಲ್ಲಾದರೂ ಬಂದರೆ ನನ್ನ ಕಾಲು ನಿಂತುಬಿಡುತ್ತವೆ. ಕಾಕಾ ಮೂಲೆಯಲ್ಲಿ ತನ್ನ ಚೀಲದ ಮೇಲೆ ಕುಳಿತು ಪಾಳಿ ಕಾಯುತ್ತಿದ್ದ. ನನ್ನನ್ನು ಕಂಡು ಎದ್ದು ನಿಂತ. ಅಷ್ಟು ಜನರ ಮುಂದೆ ಮೆಮೊ ಕೊಡಲು ಕೈ ಬರಲಿಲ್ಲ. ಹಿಟ್ಟಾಗಲಿ, ಆಮೇಲೆ ಹೊರಗೆ ಕರೆದು ಕೊಡೋಣ ಎಂದು ನಾನೂ ಕಟ್ಟೆಗೆ ಕುಳಿತೆ.

ಆದರೆ ಹಿಟ್ಟು ಬೇಗ ಆಗುವ ಹಾಗಿರಲಿಲ್ಲ. ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ಆ ಹೊತ್ತಿಗೆ ಓಡುತ್ತಿದ್ದವು, ಕರೆಂಟು ಮೇಲೆ ಕೆಳಗೆ ಆಡುತ್ತಿತ್ತು. ಗಿರಣಿಯ ಬಾಯಿಯ ಮೇಲೆ ಖಾಲಾ ಒಂದು ಬಲ್ಬು ನೇತುಹಾಕಿದ್ದಳು, ಹಾಡಹಗಲೇ ಉರಿಯುತ್ತಿತ್ತು. ಬೆಳಕಿಗಾಗಿ ಅಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಬಲ್ಬು ಕೆಂಪಗಾಗುತ್ತಿದ್ದ ಹಾಗೆ ಅವಳ ಕೈ ಕಾಳು ಬಿಡುವ ಹಲಗೆಯ ಮೇಲೆ ಬೀಳುತ್ತಿತ್ತು, ಕಾಳಿನ ಧಾರೆ ಸಣ್ಣಗಾಗುತ್ತಿತ್ತು. ಬಲ್ಬು ಬೆಳ್ಳಗಾದ ಮೇಲೂ ಒಂದು ಉಸಿರಿನಷ್ಟು ತಡೆದು ಹಲಗೆ ಎತ್ತುತ್ತಿದ್ದಳು. ಕಣ್ಣು ಬಲ್ಬಿನ ಮೇಲೆ, ಕೈ ಹಲಗೆಯ ಮೇಲೆ, ಬಾಯಿ ಗಿರಾಕಿಗಳ ಮೇಲೆ.

ಅವಳು ಯಾರದೋ ಚೀಲ ತೂಗಲು ಆ ಕಡೆ ತಿರುಗಿದಾಗ ಅವಸರದ ಗಿರಾಕಿಯೊಬ್ಬ ತಾನೇ ಹಲಗೆ ಎತ್ತಿಬಿಟ್ಟ. ಬಲ್ಬು ಆಗತಾನೇ ಏರುತ್ತಿತ್ತು, ಪೂರ್ತಿ ಏರಿರಲಿಲ್ಲ. ಮೋಟಾರು ನರಳಿತು, ಬೆಲ್ಟು ಜಾರಿತು, ಕೆಳಗಿನ ಬಾಯಿಂದ ಹಿಟ್ಟಿನ ಬದಲು ಒಡೆದ ಕಾಳು ಉದುರಿತು. ಖಾಲಾ ಒಂದೇ ಹೆಜ್ಜೆಗೆ ಬಂದು ಹಲಗೆ ಒತ್ತಿದಳು.

"ಬಲ್ಬ್ ನೋಡಾಕ ಬರಂಗಿಲ್ಲೇನ್ಲೇ? ಮೊದಲ ಕರೆಂಟ್ ಪೂರಾ ಏರಬೇಕು, ಆಮ್ಯಾಲ ಕಾಳು. ಕರೆಂಟ್ ಬೀಳಾಕತ್ತಿತಂದ್ರ ಮೊದಲ ಕಾಳು ಬಂದ್. ಉಲ್ಟಾ ಮಾಡಿದ್ರ ನುಚ್ಚ ಗತಿ ನಿನಗ."

ನಾನು ಕಟ್ಟೆಯಿಂದ ಎದ್ದು ನಿಂತೆ. ನಾನು ಮಾಡಿದ್ದೂ ಅದೇ. ಕರೆಂಟು ಏರುವ ಮೊದಲೇ ಕಾಳು ಬಿಟ್ಟಿದ್ದೆ. ವೇಗ ಮೊದಲು, ವೋಲ್ಟೇಜು ಆಮೇಲೆ. ಫ್ಯಾನಿನ ಕೆಳಗೆ ಪ್ರೊಸೆಸರ್ ಆ ಒಂದು ಕ್ಷಣವನ್ನು ಹೇಗೋ ಸಾಗಿಸಿಕೊಂಡು ಹೋಗುತ್ತಿತ್ತು. ಮಾನ್ವಿಯ ಕಲ್ಲಿನ ಕೋಣೆಯಲ್ಲೂ ಸಾಗಿಸಿತು. ಬಿಸಿಯಾದರೆ ನಿಧಾನವಾಗುತ್ತದೆ ಎಂಬ ಆ ಕೊನೆಯ ಪುಟದ ಸಾಲು ಆಗ ನೆನಪಾಯಿತು. ಹೊಳೆಯ ಬಂಡೆ, ತಗಡಿನ ಗೂಡು, ನಡು ಮಧ್ಯಾಹ್ನ.

ಅಷ್ಟರಲ್ಲಿ ಕಾಕಾ ಗಡಿಯಾರ ನೋಡಿಕೊಂಡು ಎದ್ದ. ಅವನ ಪಾಳಿ ಇನ್ನೂ ಮೂರು ಚೀಲ ಹಿಂದಿತ್ತು. ಚೀಲ ಇಲ್ಲೇ ಇರಲಿ, ಸಂಜೆಯ ಅಂಕಿ ಬರೆದು ನಾಳೆ ಒಯ್ಯುತ್ತೇನೆ, ಈಗ ಬಸ್ಸಿಗೆ ಹೋಗದಿದ್ದರೆ ಹನ್ನೆರಡು ತಪ್ಪುತ್ತದೆ ಎಂದು ಖಾಲಾನಿಗೆ ಹೇಳಿದ. ಕೆಲಸ ಹೋಗುವುದು ಹೆಚ್ಚುಕಡಿಮೆ ಖಾತ್ರಿಯಾಗಿದ್ದ ಮನುಷ್ಯ. ಮನೆಯಲ್ಲಿ ಹಿಟ್ಟಿಗೆ ಕಾಯುವವರಿದ್ದರು. ನಾನು ಮೆಮೊ ಇದ್ದ ಚೀಲ ಹೆಗಲಿಗೇರಿಸಿ, ನಾನೂ ಬರುತ್ತೇನೆ ನಡಿ ಎಂದೆ. ಈ ಹೊತ್ತಿನಲ್ಲಾ ಎಂದು ಅವನು ಅನುಮಾನಿಸಿದ. ಈ ಹೊತ್ತಿನಲ್ಲೇ ಎಂದೆ.

ಆ ನಡಿಗೆ ನನಗೆ ಇವತ್ತಿಗೂ ಮೈಮೇಲೆ ಇದೆ. ಚಪ್ಪಲಿಯ ತಳ ಮೆತ್ತಗಾಗಿ ನೆಲಕ್ಕೆ ಅಂಟುತ್ತಿತ್ತು. ಸೆರಗು ತಲೆಯ ಮೇಲೆ ಎಳೆದುಕೊಂಡರೂ ಕಿವಿ ಉರಿಯುತ್ತಿದ್ದವು. ಕಾಕಾ ಮುಂದೆ ಮುಂದೆ, ಟವೆಲ್ಲು ತಲೆಗೆ ಸುತ್ತಿ, ದಿನದ ಹೆಜ್ಜೆಯಲ್ಲೇ ಹೋಗುತ್ತಿದ್ದ. ಬಂಡೆ ಇಳಿದು, ಕಂಬದ ಮುಂದೆ ಕುಕ್ಕುರುಗಾಲಲ್ಲಿ ಕುಳಿತು, ಅಲೆ ನಿಲ್ಲುವವರೆಗೆ ಕಾದು ಓದಿದ. ಎರಡು ಮೀಟರ್ ಮೂವತ್ತೊಂದು. ನಾನೂ ಬಗ್ಗಿ ಓದಿದೆ. ಎರಡು ಮೂವತ್ತೊಂದೇ. ಬೆಳಿಗ್ಗೆ ಅವನು ಬರೆದದ್ದು ಎರಡು ಹದಿನಾಲ್ಕು. ನೀರು ಒಂದು ಗೇಣು ಏರಿತ್ತು.

ತಗಡಿನ ಗೂಡಿನ ಬಾಗಿಲಿಗೆ ಕೈ ಹಾಕಿದೆ, ಕೈ ಸುಟ್ಟಿತು. ಕಾಕಾ ಟವೆಲ್ಲಿನ ತುದಿಯಿಂದ ತೆಗೆದುಕೊಟ್ಟ. ಹನ್ನೆರಡರ ಅಂಕಿ ತೋರಿಸು ಎಂದು ಗುಂಡಿ ಒತ್ತಿದೆ. ಎರಡು ಹದಿನಾಲ್ಕು. ಈಗ ಹೊಸದಾಗಿ ಓದು ಎಂದು ಇನ್ನೊಂದು ಗುಂಡಿ ಒತ್ತಿದೆ. ಎರಡು ಹದಿನಾಲ್ಕು. ಮೂರು ಸಲ ಒತ್ತಿದೆ, ಮೂರು ಸಲವೂ ಅದೇ ಹಾಡು. ಎಚ್ಚೆತ್ತ ಮೊದಲ ಹೆಜ್ಜೆಯಲ್ಲೇ ಎಡವಿ, ಹೊಸ ಅಂಕಿ ತರುವುದನ್ನು ಬಿಟ್ಟು, ಕೈಯಲ್ಲಿದ್ದ ಹಳೆಯದನ್ನೇ ಮತ್ತೆ ಬರೆಯುತ್ತಿತ್ತು. ಬೆಳಗಿನದನ್ನು ನೋಡಿ ಮಧ್ಯಾಹ್ನದ್ದು ಬರೆಯುತ್ತಾನೆ ಎಂದು ನಾನು ಕಾಕಾನ ಮೇಲೆ ಹೊರಿಸಿದ ಕಳ್ಳತನವನ್ನು ನನ್ನ ಡಬ್ಬಿ ನನ್ನ ಕಣ್ಣೆದುರೇ ಮಾಡುತ್ತಿತ್ತು.

ಇದನ್ನು ತಂಪು ಮಾಡಬೇಕಲ್ಲ ಕಾಕಾ ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಟವೆಲ್ಲನ್ನು ಹೊಳೆಯಲ್ಲಿ ಅದ್ದಿ ಗೂಡಿನ ಮೇಲೆ ಹೊದಿಸಿದ, ಒಣಗಿದ ಹಾಗೆಲ್ಲ ಬೊಗಸೆಯಲ್ಲಿ ನೀರು ತಂದು ಸುರಿದ. ನಾನೂ ಸುರಿದೆ. ಬಿಸಿಲಿನಲ್ಲಿ ಇಬ್ಬರೂ ಒಂದು ಡಬ್ಬಿಗೆ ಜಳಕ ಮಾಡಿಸುತ್ತ ಅರ್ಧ ತಾಸು ನಿಂತೆವು. ಆಮೇಲೆ ಗುಂಡಿ ಒತ್ತಿದೆ. ಎರಡು ಮೂವತ್ತೆರಡು. ಕಂಬ ನೋಡಿದೆ, ಅಷ್ಟರಲ್ಲಿ ನೀರು ಇನ್ನೊಂದು ಸೆಂಟಿಮೀಟರು ಏರಿತ್ತು. ಎರಡು ಮೂವತ್ತೆರಡೇ.

ಅಲ್ಲೇ ಬಂಡೆಯ ಮೇಲೆ ನಾನು ಅತ್ತೆ. ತಪ್ಪು ನನ್ನದು ಕಾಕಾ, ನಿನ್ನದಲ್ಲ, ಡಬ್ಬಿಯದೂ ಅಲ್ಲ ಎಂದೆ. ವೋಲ್ಟೇಜು ವೇಗ ಎಂದು ಏನೇನೋ ಬಡಬಡಿಸಿದೆ. ಅವನು ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡ.

"ನಡು ಮಧ್ಯಾಹ್ನ ಒಂದ ಸಲರ ಬಂದಿದ್ರ ನೀವ ನೋಡತಿದ್ರಿ ಯವ್ವಾ," ಎಂದ.

ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಸಲೀಸಾಗುತ್ತಿತ್ತು. ನಾಲ್ಕು ತಿಂಗಳಲ್ಲಿ ಎಷ್ಟೋ ಸಲ ಬಂದಿದ್ದೆ, ಪ್ರತಿ ಸಲವೂ ಹತ್ತೂವರೆಯ ಬಸ್ಸಿಗೆ ಓಡಿದ್ದೆ. ಬಿಸಿಲಿಗೆ ಹೆದರಿ ಡಬ್ಬಿಯನ್ನು ಫ್ಯಾನಿನ ಕೆಳಗೆ ಪರೀಕ್ಷಿಸಿದ್ದು ನಾನು. ಬಿಸಿಲಿಗೆ ಹೆದರಿ ಅವನು ಹೋಗಿರಲಾರ ಎಂದು ಗೆರೆ ಎಳೆದದ್ದೂ ನಾನೇ.

ರಾಯಚೂರಿಗೆ ಬಂದು ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಎದ್ದು ಕೋಣೆಯ ಬಾಗಿಲು ಮುಂದೆ ಮಾಡಿದರು. ಆಮೇಲೆ ಒಂದು ದಾರಿ ಹೇಳಿದರು. ಪ್ರೋಗ್ರಾಂ ಸದ್ದಿಲ್ಲದೆ ತಿದ್ದಿಬಿಡು, ಬೆಂಗಳೂರಿಗೆ ಹೋದ ಕಾಗದ ಹಾಗೇ ಇರಲಿ. ಡಬ್ಬಿ ಸರಿಯಾದ ಮೇಲೆ ಹೇಗೂ ಅಲ್ಲಿ ಆಳು ಬೇಕಾಗುವುದಿಲ್ಲ. ಮೆಮೊ ತನ್ನ ಪಾಡಿಗೆ ತಾನು ನಡೆಯಲಿ, ಅವನಿಗೂ ವಯಸ್ಸಾಯಿತು.

"ನಿನ್ನ ಪ್ರೊಬೇಷನ್ ಫೈಲ್ ನನ್ನ ಟೇಬಲ್ ಮ್ಯಾಲೇ ಅದ, ನೋಡವ್ವಾ," ಎಂದೂ ಹೇಳಿದರು. ಹೆದರಿಸಲು ಹೇಳಿದ್ದಲ್ಲ ಅದು, ನನ್ನ ಮೇಲಿನ ಕಾಳಜಿಯಿಂದಲೇ ಹೇಳಿದರು. ಅದಕ್ಕೇ ತಪ್ಪಿಸಿಕೊಳ್ಳುವುದು ಕಷ್ಟವಾಯಿತು.

ಹೆದರಿಕೆ ಆಗಲಿಲ್ಲ ಎಂದು ಹೇಳಿದರೆ ನಾಲಿಗೆ ಉದುರೀತು. ಆ ನೌಕರಿಗಾಗಿ ಅಪ್ಪ ಎಷ್ಟು ಜನರ ಮಾತು ಕೇಳಿದ್ದ, ಹೆಣ್ಣುಮಗಳನ್ನು ಬಸ್ಸು ಬಸ್ಸು ಅಲೆಸುತ್ತಾರೆ ಎಂದು ಬಂಧುಗಳು ಎಷ್ಟು ಆಡಿಕೊಂಡಿದ್ದರು. ಒಂದು ಇಡೀ ದಿನ ಕಾಗದ ಮುಂದಿಟ್ಟುಕೊಂಡು ಕೂತೆ. ಸದ್ದಿಲ್ಲದೆ ತಿದ್ದುವುದು ಎಷ್ಟು ಸುಲಭವಿತ್ತೆಂದರೆ, ಎರಡು ಸಾಲು ಹಿಂದೆ ಮುಂದೆ ಮಾಡಿದರೆ ಮುಗಿಯಿತು. ಆದರೆ ಆ ನೋಟ್‌ಬುಕ್ಕಿನ ಅಚ್ಚಿನಂಥ ಅಂಕಿಗಳ ಮೇಲೆ ಕೆಂಪು ಗೆರೆ ಎಳೆದವಳು ನಾನು, ಅದನ್ನು ಅಳಿಸುವ ಬಿಸಿಲು ಯಾವ ಮಾಳಿಗೆಯ ಮೇಲೂ ಇರಲಿಲ್ಲ. ಮರುದಿನ ಬೆಳಿಗ್ಗೆ ಬರೆದೆ. ಮಧ್ಯಾಹ್ನದ ಅಂಕಿಗಳಲ್ಲಿ ತಪ್ಪಿರುವುದು ಯಂತ್ರದವು, ಕಾರಣ ನಾನು ಬರೆದ ಪ್ರೋಗ್ರಾಮಿನ ದೋಷ, ಗೇಜ್ ಓದುವವರ ನೋಟ್‌ಬುಕ್ಕೇ ಸರಿ, ಹಿಂದಿನ ಪಟ್ಟಿಯನ್ನು ರದ್ದು ಮಾಡಬೇಕು. ಸಹಿ ಮಾಡಿ, ಮೆಮೊವನ್ನು ಅದಕ್ಕೇ ಪಿನ್ನು ಹಾಕಿ ಸಾಹೇಬರ ಮೇಜಿನ ಮೇಲಿಟ್ಟೆ. ಅವರು ಓದಿ, ಕನ್ನಡಕ ತೆಗೆದು ಒರೆಸಿಕೊಂಡು, ಮೇಲಕ್ಕೆ ಕಳಿಸಿದರು. ತಡೆಯಬಹುದಿತ್ತು, ತಡೆಯಲಿಲ್ಲ. ಆ ಉಪಕಾರ ನಾನು ಮರೆತಿಲ್ಲ.

ಚಿಪ್ಪು ಮತ್ತೆ ಮಾಳಿಗೆ ಹತ್ತಿತು, ಸಂಡಿಗೆಯ ಪಕ್ಕದಲ್ಲಿ ವಾರ ಮಲಗಿತು. ಹೊಸ ಪ್ರೋಗ್ರಾಮಿನಲ್ಲಿ ಖಾಲಾನ ಕಾನೂನು ಬರೆದೆ. ಏಳುವಾಗ ಮೊದಲು ವೋಲ್ಟೇಜು, ಅದು ಪೂರಾ ಏರುವವರೆಗೆ ಕಾಯುವುದು, ಆಮೇಲೆ ವೇಗ. ಮಲಗುವಾಗ ಮೊದಲು ವೇಗ ಇಳಿಯಬೇಕು, ಆಮೇಲೆ ವೋಲ್ಟೇಜು. ಈ ಸಲ ಪರೀಕ್ಷೆ ನಡೆದದ್ದು ಮಾಳಿಗೆಯ ಮೇಲೆ, ತಗಡಿನ ಗೂಡಿನೊಳಗೆ, ಮೇ ತಿಂಗಳ ನಡು ಮಧ್ಯಾಹ್ನ. ನಾನು ಪಕ್ಕದಲ್ಲೇ ಕೊಡೆ ಹಿಡಿದು ಕೂತಿದ್ದೆ. ಒಂದು ಅಂಕಿಯೂ ತಪ್ಪಲಿಲ್ಲ. ಕಾಯುವುದರಿಂದ ಸೆಲ್ಲಿನ ಆಯುಸ್ಸು ಎಷ್ಟು ಕಡಿಮೆಯಾಯಿತು ಎಂದು ಲೆಕ್ಕ ಹಾಕಿದೆ. ಅರ್ಧ ದಿನವೂ ಇಲ್ಲ. ಅರ್ಧ ದಿನದ ಉಳಿತಾಯಕ್ಕೆ ಒಬ್ಬನ ಹನ್ನೆರಡು ವರ್ಷ ಮಣ್ಣುಪಾಲಾಗುವುದರಲ್ಲಿತ್ತು.

ಮೇ ಕೊನೆಗೆ ಡಬ್ಬಿ ಮತ್ತೆ ಹೊಳೆಯ ಗೂಡು ಸೇರಿತು, ಒಳಗೆ ಸರಿ ಮಾಡಿದ್ದೇನೆ ಎಂದು ಕಾಕಾನಿಗೆ ಹೇಳಿ ಬಂದೆ. ನನ್ನ ಪ್ರೊಬೇಷನ್ ಆರು ತಿಂಗಳು ಮುಂದೆ ಹೋಯಿತು. ಹತ್ತು ಡಬ್ಬಿಗಳ ಮಾತು ತಣ್ಣಗಾಯಿತು. ಕಾಕಾನ ಹೆಸರು ಪಟ್ಟಿಯಲ್ಲಿ ಉಳಿಯಿತು.

ಈಗ ನನ್ನ ಕೈಯಲ್ಲೊಂದು ಮೊಬೈಲಿದೆ. ಅದರೊಳಗೂ ಇದೇ ಆಟ, ಸೆಕೆಂಡಿಗೆ ಎಷ್ಟು ಸಲವೋ. ಕೆಲಸ ಬಂದರೆ ವೋಲ್ಟೇಜು ಏರಿ ವೇಗ ಏರುತ್ತದೆ, ಕೆಲಸ ಮುಗಿದರೆ ವೇಗ ಇಳಿದು ವೋಲ್ಟೇಜು ಇಳಿಯುತ್ತದೆ, ಬಿಸಿಲಿಗೆ ಹಿಡಿದರೆ ತಾನೇ ನಿಧಾನವಾಗುತ್ತದೆ. ಯಾರೂ ಗುಂಡಿ ಒತ್ತಬೇಕಿಲ್ಲ, ಯಾರೂ ಬಲ್ಬು ನೋಡಬೇಕಿಲ್ಲ. ಮೊಮ್ಮಗಳಿಗೆ ಇದನ್ನು ಹೇಳಲು ಹೋದರೆ ಅವಳಿಗೆ ಆಕಳಿಕೆ ಬರುತ್ತದೆ. ನನಗೆ ಮಾತ್ರ ಜೋಳದ ಹಿಟ್ಟಿನ ವಾಸನೆ ಬರುತ್ತದೆ, ಖಾಲಾನ ಬಿಳಿ ರೆಪ್ಪೆ ಕಾಣುತ್ತದೆ. ಆ ಗಿರಣಿಯೂ ಈಗಿಲ್ಲ, ಅವಳೂ ಇಲ್ಲ.

ಕಾಯಂ ಆದೇಶ ಬಂದದ್ದು ದೀಪಾವಳಿ ಕಳೆದ ಮೇಲೆ. ಟಪಾಲಿಗೆ ಹಾಕಲು ಬಿಡದೆ ನಾನೇ ಒಯ್ದೆ, ಹನ್ನೆರಡಕ್ಕೆ ಸರಿಯಾಗಿ ಹೊಳೆ ಮುಟ್ಟುವ ಬಸ್ಸು ಹಿಡಿದು. ಚಳಿಗಾಲದ ಎಳೆ ಬಿಸಿಲು. ಕಾಕಾ ಬಂಡೆಯ ಮೇಲಿದ್ದ. ದೂರದಿಂದಲೇ ಕಂಡಿತು, ತಗಡಿನ ಗೂಡಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿದ್ದ. ಈಗ ಅದು ಬೇಕಾಗಿಲ್ಲ ಕಾಕಾ, ಒಳಗೆ ಸರಿ ಮಾಡಿದ್ದೇನೆ, ಮೇ ತಿಂಗಳಲ್ಲೇ ಹೇಳಿದ್ದೆನಲ್ಲ ಎಂದೆ. ಹೌದು ಹೇಳಿದ್ದಿರಿ ಎಂದ. ಆದೇಶವನ್ನು ಎರಡು ಸಲ ಓದಿಸಿಕೊಂಡು ಕೇಳಿದ, ಮಡಚಿ ನೋಟ್‌ಬುಕ್ಕಿನ ಬಟ್ಟೆಯೊಳಗಿಟ್ಟ. ಆಮೇಲೆ ಕಂಬ ಓದಿ, ಅಂಕಿ ಬರೆದು, ಸಹಿಗೆಂದು ನೋಟ್‌ಬುಕ್ಕು ನನ್ನ ಮುಂದೆ ಹಿಡಿದ.

ಮೇ ತಿಂಗಳಿಂದ ಪ್ರತಿ ಮಧ್ಯಾಹ್ನದ ಸಾಲಿನಲ್ಲಿ ಅಂಕಿಯ ಪಕ್ಕ ಇನ್ನೊಂದು ಮಾತಿತ್ತು. ಮಳೆ ಬಂದ ದಿನ ಬಿಟ್ಟು ಒಂದು ದಿನವೂ ತಪ್ಪಿರಲಿಲ್ಲ. ಅಚ್ಚು ಹಾಕಿದಂಥ ಅಕ್ಷರ: ಹನ್ನೆರಡು ಗಂಟೆ, ಡಬ್ಬಿಗೆ ಒದ್ದೆ ಗೋಣಿ ಹಾಕಿದೆ.